ನಲವತ್ತಾರು ಕಿಲೋಮೀಟರ್

ಅಳಿಯನ ಮೊದಲ ಏಟು ಬಿದ್ದಾಗ ಮೇಸ್ತ್ರಿ ಕಾರಿನ ಕೆಳಗೆ ಅಂಗಾತ ಮಲಗಿದ್ದರು. ಎಂಜಿನ್ನಿನ ತಳದ ಬೋಲ್ಟನ್ನು ಆಗಷ್ಟೇ ಬಿಚ್ಚಿದ್ದರು. ಬಿಸಿ ಎಣ್ಣೆ ಬೆರಳು ದಪ್ಪದ ಧಾರೆಯಾಗಿ ಬೇಸಿನ್ನಿಗೆ ಇಳಿಯುತ್ತಿತ್ತು. ಚಟೀರ್ ಎಂಬ ಸದ್ದು ಕೇಳಿ, ಬಾನೆಟ್ಟಿಗೆ ಕೊಟ್ಟ ಕಡ್ಡಿ ಜಾರಿತೇನೋ ಅಂದುಕೊಂಡರು. ಪಕ್ಕಕ್ಕೆ ಹೊರಳಿ ನೋಡಿದರೆ ಎರಡು ಜೊತೆ ಕಾಲು. ಕಂದು ಚರ್ಮದ ಚಪ್ಪಲಿ ಹಾಕಿದ್ದು ಅಳಿಯನದು. ಬರಿಗಾಲು ಮಗಳದು. ಬರಿಗಾಲು ಎರಡು ಹೆಜ್ಜೆ ಹಿಂದೆ ಹೋಯಿತು. ಚಪ್ಪಲಿ ಎರಡು ಹೆಜ್ಜೆ ಮುಂದೆ ಬಂತು. ಮತ್ತೆ ಅದೇ ಸದ್ದು.

"ಹೇಳು, ಎಲ್ಲಿಗೆ ಹೋಗಿದ್ದೆ?"

ಹತ್ತು ನಿಮಿಷದ ಹಿಂದೆ ಮನೆಯ ಮುಂದಿನ ಈ ಸಿಮೆಂಟಿನ ಅಂಗಳದಲ್ಲಿ ನಡೆಯುತ್ತಿದ್ದುದು ಎಣ್ಣೆಯ ಜಗಳ ಮಾತ್ರ. ಕಾರು ಹೊಸದು, ಕೊಂಡು ಎರಡು ತಿಂಗಳು. ಮೇಸ್ತ್ರಿ ಮೂವತ್ತೆಂಟು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ಮೆಕ್ಯಾನಿಕ್ಕು. ಹೊಸ ಗಾಡಿ ಸಾವಿರ ಕಿಲೋಮೀಟರ್ ಓಡಿದ ಕೂಡಲೇ ಮೊದಲ ಎಣ್ಣೆ ಇಳಿಸಲೇಬೇಕು ಎಂದು ಫೋನಿನಲ್ಲಿ ತಲೆ ತಿಂದು, ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಸ್ಪಾನರುಗಳನ್ನು ಹೇರಿಕೊಂಡು ತಾವೇ ಬಂದಿದ್ದರು.

"ಮಾವ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಸ್ಪಷ್ಟವಾಗಿ ಬರ್ದಿದೆ. ಹತ್ತು ಸಾವಿರ ಕಿಲೋಮೀಟರ್, ಇಲ್ಲಾ ಒಂದು ವರ್ಷ. ಯಾವ್ದು ಮೊದ್ಲೋ ಅದು. ಸಾವಿರಕ್ಕೇ ಬದಲಾಯ್ಸಿ ಅಂತ ಎಲ್ಲೂ ಇಲ್ಲ."

"ಪುಸ್ತಕ ಬರ್ದೋನು ಗಾಡಿ ಮಾರೋನು, ಅಳಿಯಂದ್ರೇ. ನಾನು ರಿಪೇರಿ ಮಾಡೋನು. ಹೊಸ ಎಂಜಿನ್ನಲ್ಲಿ ಲೋಹಕ್ಕೆ ಲೋಹ ಉಜ್ಜಿ ಪುಡಿ ಉದುರುತ್ತೆ. ಒಂದ್ಸಲ ಅದನ್ನ ಇಳಿಸಿಬಿಟ್ರೆ, ಆಮೇಲೆ ನೀವು ಹತ್ತಾದ್ರೂ ಓಡ್ಸಿ, ಹದಿನೈದಾದ್ರೂ ಓಡ್ಸಿ."

"ಆಯ್ತು, ಇಳ್ಸಿ. ಆದ್ರೆ ನಿಮ್ಮ ದಪ್ಪ ಎಣ್ಣೆ ಬೇಡ. ಕಂಪನಿ ಹೇಳಿರೋ ತೆಳು ಎಣ್ಣೆ, ಝೀರೋ ಡಬ್ಲ್ಯೂ ಟ್ವೆಂಟಿ, ಬಿಲ್ ಸಮೇತ ತಂದಿದೀನಿ. ಬೇರೆ ಹಾಕಿದ್ರೆ ವಾರಂಟಿ ಹೋಯ್ತು."

ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆದು ಒಂದು ಹನಿ ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದರು. "ಇದೇನು ಎಣ್ಣೆಯೋ, ಕೆಮ್ಮಿನ ಔಷಧಿಯೋ!" ಎಂದು ನಕ್ಕರು. ಈಗಿನ ಎಂಜಿನ್ನುಗಳ ಸಂದಿಗೆ ತೆಳು ಎಣ್ಣೆಯೇ ಸರಿ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅಳಿಯನ ಮುಂದೆ ಅಷ್ಟು ಸುಲಭವಾಗಿ ಸೋಲಬಾರದಲ್ಲ.

ಅಳಿಯ ನಗಲಿಲ್ಲ. ಅವನು ವಿಮಾ ಕಂಪನಿಯ ಸರ್ವೇಯರ್. ಅಪಘಾತವಾದ ಗಾಡಿಗಳನ್ನು ಸುತ್ತುಹಾಕಿ, ಈ ಪೆಟ್ಟು ಹೊಸದು, ಈ ಪೆಟ್ಟು ಮೊದಲೇ ಇದ್ದದ್ದು ಎಂದು ಬೇರೆ ಮಾಡುವುದು ಅವನ ಉದ್ಯೋಗ. ಆ ಹೊತ್ತಿಗೆ ಮಗಳು ಕಾಫಿ ತಂದಿದ್ದಳು. ಇಷ್ಟು ಸೆಖೆಯಲ್ಲಿ ತುಂಬುತೋಳಿನ ರವಿಕೆ. ನಕ್ಕರೆ ಬಾಯಿಯ ಒಂದು ಕಡೆ ಮಾತ್ರ ನಗುತ್ತಿತ್ತು. ಮೇಸ್ತ್ರಿ ಕಂಡರು, ಲೋಟ ತೆಗೆದುಕೊಂಡರು, ಸಕ್ಕರೆ ಸರಿಯಾಗಿದೆ ಎಂದರು.

ಮೂರು ತಿಂಗಳ ಹಿಂದೆ ಅವಳು ಒಂದು ಚೀಲ ಹಿಡಿದುಕೊಂಡು ತವರಿಗೆ ಬಂದಿದ್ದಳು. ತೋಳು ತೋರಿಸಿದ್ದಳು. ಆಗ ಮೇಸ್ತ್ರಿ, "ಹೊಸ ಸಂಸಾರ ಅಂದ್ರೆ ಹೊಸ ಎಂಜಿನ್ನು ಪುಟ್ಟಿ, ಮೊದಮೊದ್ಲು ಬಿಗಿ ಇರುತ್ತೆ. ಓಡ್ತಾ ಓಡ್ತಾ ಸಡಿಲ ಆಗುತ್ತೆ. ಹೊಂದ್ಕೊಂಡು ಹೋಗು" ಎಂದಿದ್ದರು. ಮಾರನೆಯ ದಿನ ತಾವೇ ವಾಪಸ್ ಬಿಟ್ಟು ಬಂದಿದ್ದರು. ಆ ಮಾತು ಬಹಳ ಚೆನ್ನಾಗಿ ಬಂತು ಎಂದು ಅವರಿಗೇ ಅನ್ನಿಸಿ, ಗ್ಯಾರೇಜಿನಲ್ಲಿ ಇನ್ನಿಬ್ಬರಿಗೆ ಹೇಳಿದ್ದೂ ಉಂಟು.

ಇವತ್ತು ಅವರ ಬಾಯಿಂದ ಬಿದ್ದದ್ದು ಅದಕ್ಕಿಂತ ಕೆಟ್ಟ ಮಾತು. ಅದು ಮಾತೂ ಅಲ್ಲ, ಒಂದು ಅಂಕಿ. ಎಣ್ಣೆ ಇಳಿಸುವ ಮುಂಚೆ ಮೀಟರ್ ನೋಡಿ ಕೂಗಿ ಹೇಳುವುದು ಗ್ಯಾರೇಜಿನ ಪದ್ಧತಿ. ಅಲ್ಲಿ ಯಾರಾದರೊಬ್ಬರು ಅದನ್ನು ರಟ್ಟಿನ ಚೀಟಿಯ ಮೇಲೆ ಬರೆದು ಎಂಜಿನ್ನಿನ ಹತ್ತಿರ ಕಟ್ಟುತ್ತಾರೆ, ಮುಂದಿನ ಸಲಕ್ಕೆ ಲೆಕ್ಕ ಸಿಗಲಿ ಎಂದು. ಇಲ್ಲಿ ಬರೆಯುವವರು ಯಾರೂ ಇರಲಿಲ್ಲ. ಆದರೂ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ಕೀಲಿಯನ್ನು ಅಲ್ಲೇ ಬಿಟ್ಟು ಕೆಳಗಿಳಿಯುವಾಗ ಮೇಸ್ತ್ರಿ ರೂಢಿಯಂತೆ ಗಂಟಲು ಬಿಚ್ಚಿ ಕೂಗಿದರು: "ಸಾವಿರದ ಇಪ್ಪತ್ತಾರು!"

ಆಮೇಲೆ ಕಾರಿನ ಮೂತಿಯನ್ನು ಜಾಕಿನಿಂದ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿ ಕೆಳಗೆ ಜಾರಿದರು. ಮೇಲೆ ಅಳಿಯ ಸುಮ್ಮನಾಗಿದ್ದುದು ಅವರಿಗೆ ಗೊತ್ತೇ ಆಗಲಿಲ್ಲ. ಗುರುವಾರ ಕಾರನ್ನು ಮನೆಯಲ್ಲೇ ಬಿಟ್ಟು, ಕಚೇರಿಯ ಕೆಲಸದ ಮೇಲೆ ಬಸ್ಸಿನಲ್ಲಿ ಬೇರೆ ಊರಿಗೆ ಹೊರಡುವ ಮುಂಚೆ ಅವನು ಮೀಟರ್ ನೋಡಿದ್ದ. ಒಂಬೈನೂರ ಎಂಬತ್ತು.

ಇದಿಷ್ಟು ಹಿಂದಿನ ಕಥೆ. ಈಗ ಮೇಸ್ತ್ರಿ ಕೆಳಗಿದ್ದಾರೆ, ಮೇಲೆ ಏಟು ಬೀಳುತ್ತಿದೆ.

"ನಲವತ್ತಾರು ಕಿಲೋಮೀಟರ್! ನಾನಿಲ್ದಿದ್ದಾಗ ಗಾಡಿ ತಗೊಂಡು ಯಾರನ್ನ ನೋಡೋಕೆ ಹೋಗಿದ್ದೆ? ಬಾಯಿ ಬಿಡೇ!"

ತಕ್ಷಣ ಎದ್ದು ಹೊರಗೆ ಬರಬೇಕಿತ್ತು. ಮೇಸ್ತ್ರಿ ಬರಲಿಲ್ಲ. ಅರ್ಧ ನಿಮಿಷ, ಅದಕ್ಕಿಂತ ಹೆಚ್ಚೇ ಇರಬಹುದು, ಎಣ್ಣೆಯ ಧಾರೆಯನ್ನೇ ನೋಡುತ್ತ ಮಲಗಿದ್ದರು. ಗಂಡ ಹೆಂಡತಿ ನಡುವೆ ನಾನ್ಯಾಕೆ, ಈಗ ನಿಲ್ಲಿಸುತ್ತಾನೆ, ಇನ್ನೊಂದಕ್ಕೆ ನಿಲ್ಲಿಸುತ್ತಾನೆ. ಬಿಸಿ ಎಣ್ಣೆ ಮಣಿಕಟ್ಟಿನ ಮೇಲೆ ಹರಿದು ಚುರುಗುಟ್ಟಿದರೂ ಕೈ ತೆಗೆಯಲಿಲ್ಲ. ಮಗಳು ಕೆಳಗೆ ಬಿದ್ದಳು. ಕಾರಿನಡಿಯ ನೆರಳಿನಾಚೆ ಅವಳ ಮುಖ ನೆಲಕ್ಕೆ ಒರಗಿ, ಅಪ್ಪನ ಮುಖದ ಮಟ್ಟಕ್ಕೇ ಬಂತು. ತುಟಿ ಒಡೆದಿತ್ತು. ಅಪ್ಪನನ್ನು ನೋಡಿದಳು. ಏನೂ ಕೇಳಲಿಲ್ಲ. ಅವಳು ಏನೂ ಕೇಳದೆ ಇದ್ದದ್ದೇ ಮೇಸ್ತ್ರಿಯ ಎದೆಗೆ ಒದ್ದಂತಾಯಿತು.

ಅವರು ತೆವಳಿ ಹೊರಗೆ ಬಂದರು. "ಅಳಿಯಂದ್ರೇ, ಬಿಡಿ ಅವ್ಳನ್ನ."

"ನೀವು ಎಣ್ಣೆ ನೋಡ್ಕೊಳ್ಳಿ ಮಾವ. ಇದು ನನ್ನ ಮನೆ ವಿಷ್ಯ."

"ಬಿಡಿ ಅಂದೆ."

ಅಳಿಯ ಮಗಳ ಜಡೆಯನ್ನು ಕೈಗೆ ಸುತ್ತಿಕೊಂಡು ಎಬ್ಬಿಸಿ ನಿಲ್ಲಿಸಿದ್ದ. ಇನ್ನೊಂದು ಕೈಯಲ್ಲಿ ಕಾರಿನ ಪುಸ್ತಕ. ಅದರಿಂದಲೇ ಅವಳ ಕೆನ್ನೆಗೆ ಎರಡು ಸಲ ಬಾರಿಸಿದ. ಮೇಸ್ತ್ರಿ ನಡುವೆ ನುಗ್ಗಿದರು. ಅಳಿಯ ಪುಸ್ತಕ ಎಸೆದು ಅಂಗೈಯಿಂದ ಅವರ ಎದೆಗೆ ತಳ್ಳಿದ. ಅರವತ್ತೆರಡು ವರ್ಷದ ದೇಹ ಹಿಂದಕ್ಕೆ ತೂರಾಡಿ ಮಗ್ಗುಲಾಗಿ ಬಿತ್ತು, ಮುಖ ಬಂಪರಿಗೆ ಬಡಿಯಿತು. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು.

"ಹೇಳ್ತೀನಿ, ಹೇಳ್ತೀನಿ! ಅಪ್ಪನ್ನ ಮುಟ್ಬೇಡಿ!" ಮಗಳು ಕಿರುಚಿದಳು. "ಅಪ್ಪನ ಗ್ಯಾರೇಜಿಗೆ ಹೋಗಿದ್ದೆ. ಹೋಗ್ತಾ ಇಪ್ಪತ್ಮೂರು, ಬರ್ತಾ ಇಪ್ಪತ್ಮೂರು. ಸಾಕಾ ಲೆಕ್ಕ?"

"ಸುಳ್ಳು. ಮಾವ, ಇವ್ಳು ಬಂದಿದ್ಲಾ?"

ಬಂದಿದ್ದಳು ಎಂದರೆ ಈ ಗಳಿಗೆ ದಾಟುತ್ತದೆ. ಆದರೆ ಮೇಸ್ತ್ರಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅವರ ಮುಖವೇ ಇಲ್ಲ ಎಂದುಬಿಟ್ಟಿತು.

"ಒಳಗೆ ಬರ್ಲಿಲ್ಲ," ಎಂದಳು ಮಗಳು. ಅಪ್ಪನ ಕಡೆಗೇ ನೋಡುತ್ತಿದ್ದಳು. "ಬಾಗ್ಲ ತನಕ ಬಂದಿದ್ದೆ ಅಪ್ಪ. ನೀನು ಯಾವ್ದೋ ವ್ಯಾನಿನ ಕೆಳಗಿದ್ದೆ. ಕಾಲು ಮಾತ್ರ ಕಾಣ್ತಿತ್ತು. ಕರೆಯೋಣ ಅಂದ್ಕೊಂಡೆ. ಕರೆದ್ರೆ ಮತ್ತೆ ಹೊಂದ್ಕೊಂಡು ಹೋಗು ಅಂತೀಯ. ವಾಪಸ್ ಬಂದೆ."

"ನಾಟಕ!" ಎಂದು ಅಳಿಯ ಜಡೆ ಹಿಡಿದು ಅವಳನ್ನು ಮನೆಯೊಳಕ್ಕೆ ಎಳೆಯತೊಡಗಿದ. "ಒಳಗೆ ನಡಿ, ಬಾಗ್ಲು ಹಾಕಿ ಮಾತಾಡೋಣ."

ಬಾಗಿಲು ಹಾಕಿದರೆ ಅವಳು ಉಳಿಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಈಗ ಮೇಸ್ತ್ರಿಗೂ ಗೊತ್ತಾಯಿತು. ಅವಳು ಅವನ ಮುಂಗೈಗೆ ಬಾಯಿ ಹಾಕಿದಳು. ಸುಮ್ಮನೆ ಕಚ್ಚಿದ್ದಲ್ಲ, ಹಲ್ಲು ಮೂಳೆಗೆ ತಾಗುವ ಹಾಗೆ. ಅವನು ಕೂಗಿಕೊಂಡು ಕೈ ಬಿಟ್ಟ. ಮರುಗಳಿಗೆಯೇ ಗೇಟಿಗೆ ಅಡ್ಡ ಬಂದು ನಿಂತ. ಅವಳಿಗೆ ಉಳಿದದ್ದು ಕಾರು ಒಂದೇ. ಡ್ರೈವರ್ ಸೀಟಿಗೆ ಹಾರಿ ಬಾಗಿಲೆಳೆದು ಲಾಕ್ ಒತ್ತಿದಳು.

ಅಳಿಯ ಕೈ ಹಿಡಿದುಕೊಂಡು ನಕ್ಕುಬಿಟ್ಟ. "ಓಡ್ಸು, ಓಡ್ಸು ನೋಡೋಣ. ಚಕ್ರ ಗಾಳೀಲಿದೆ, ಎಲ್ಲಿಗೆ ಹೋಗ್ತೀಯ?"

ಅವಳು ಕೀಲಿ ತಿರುಗಿಸಿದಳು. ಎಂಜಿನ್ ಹೊತ್ತಿಕೊಂಡಿತು. ಗೇರು ಹಾಕಲಿಲ್ಲ, ನ್ಯೂಟ್ರಲ್ಲಿನಲ್ಲೇ ಕಾಲನ್ನು ತಳಕ್ಕೆ ಒತ್ತಿ ಹಿಡಿದಳು. ಕಾರು ಸ್ಟ್ಯಾಂಡಿನ ಮೇಲೆ ನಡುಗುತ್ತ ಅರಚತೊಡಗಿತು. ಏನು ನಡೆಯುತ್ತಿದೆ ಎಂದು ಮೊದಲು ಅರ್ಥವಾದದ್ದು ಮೇಸ್ತ್ರಿಗೆ. ಎಂಜಿನ್ನಿನಲ್ಲಿ ಒಂದು ತೊಟ್ಟು ಎಣ್ಣೆಯಿಲ್ಲ. ಎಲ್ಲವೂ ಕೆಳಗಿನ ಬೇಸಿನ್ನಿನಲ್ಲಿದೆ. ಹೀಗೆ ಓಡಿಸಿದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಸುಟ್ಟು ಸತ್ತುಹೋಗುತ್ತದೆ. ಗ್ಯಾರೇಜಿನ ಧೂಳಿನಲ್ಲಿ ಅಂಬೆಗಾಲಿಟ್ಟು ಬೆಳೆದ ಹುಡುಗಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ.

ಆಮೇಲೆ ಅಳಿಯನಿಗೂ ಗೊತ್ತಾಯಿತು. ಅವನ ಮುಖದ ಬಣ್ಣ ಇಳಿಯಿತು. "ಏಯ್! ಆಫ್ ಮಾಡೇ! ಎಣ್ಣೆಯಿಲ್ಲ ಅದ್ರಲ್ಲಿ! ಆಫ್ ಮಾಡು!" ಎರಡೂ ಕೈಯಿಂದ ಗಾಜನ್ನು ಗುದ್ದಿದ. ಅವಳು ತಿರುಗಿಯೂ ನೋಡಲಿಲ್ಲ. ಅವನು ಮೇಸ್ತ್ರಿಯ ಚೀಲದಿಂದ ಚಕ್ರ ಬಿಚ್ಚುವ ಸ್ಪಾನರು ಎತ್ತಿಕೊಂಡು ಬೀಸಿದ. ಮೂರನೇ ಏಟಿಗೆ ಗಾಜು ಹರಳುಹರಳಾಗಿ ಅವಳ ತಲೆ, ಮಡಿಲ ಮೇಲೆ ಸುರಿಯಿತು. ಸ್ಪಾನರನ್ನು ಇನ್ನೊಮ್ಮೆ ಎತ್ತಿದ. ಈ ಸಲ ಎದುರಿಗೆ ಗಾಜಿರಲಿಲ್ಲ, ಅವಳ ತಲೆಯಿತ್ತು.

ಮೇಸ್ತ್ರಿ ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ಎಳೆದರು. ಇಬ್ಬರೂ ಒಟ್ಟಿಗೆ ಬಿದ್ದರು. ಅಳಿಯನ ಕಾಲು ಕಾರಿನಡಿಗೆ ಚಾಚಿ ಬಡಿದು ಬೇಸಿನ್ನು ಮಗುಚಿತು, ಬಿಸಿ ಎಣ್ಣೆ ಇಬ್ಬರ ಬೆನ್ನಡಿಗೂ ಹರಿಯಿತು. ಸ್ಪಾನರು ಎಲ್ಲೋ ಜಾರಿತು. ಅಳಿಯ ಮೊಣಕೈಯಿಂದ ಅವರ ಬಾಯಿಗೆ ಗುದ್ದಿದ. ಒಂದು ಹಲ್ಲು ಮುರಿದು ನಾಲಿಗೆಯ ಮೇಲೆ ಬಂತು. ಮತ್ತೆ ಗುದ್ದಿದ, ಪಕ್ಕೆಲುಬಿಗೆ. ಮೇಸ್ತ್ರಿಗೆ ಹೊಡೆಯಲು ಬರುತ್ತಿರಲಿಲ್ಲ, ಜನ್ಮದಲ್ಲಿ ಯಾರಿಗೂ ಹೊಡೆದವರಲ್ಲ. ಹಿಡಿಯಲು ಬರುತ್ತಿತ್ತು. ಮೂವತ್ತೆಂಟು ವರ್ಷ ತುಕ್ಕು ಹಿಡಿದ ನಟ್ಟುಗಳನ್ನು ತಿರುಗಿಸಿದ ಕೈ, ಹಿಡಿದದ್ದನ್ನು ಬಿಡಲಿಲ್ಲ.

ಎಂಜಿನ್ನಿನ ಸದ್ದು ಬದಲಾಗುತ್ತಿತ್ತು. ಮೊದಲು ಮೇಲುಗಡೆ ಚಿಟಪಟ. ನಂತರ ಒಳಗಿನಿಂದ ಕಟಕಟ ಎಂಬ ಗಟ್ಟಿ ಸದ್ದು, ಯಾರೋ ಸುತ್ತಿಗೆ ಹಿಡಿದು ಒಳಗೆ ಕೂತ ಹಾಗೆ. ಸುಟ್ಟ ಲೋಹದ ವಾಸನೆ. ಮೇಸ್ತ್ರಿಯ ಮೈ ಇಡೀ ಬೇಡ ಬೇಡ ಎನ್ನುತ್ತಿತ್ತು. ಎಣ್ಣೆ ಕಡಿಮೆಯಾದ ಗಾಡಿಯ ಸದ್ದು ಬೀದಿಯ ಕೊನೆಯಲ್ಲಿ ಕೇಳಿದರೂ ಊಟ ಬಿಟ್ಟು ಓಡಿಹೋಗಿ ನಿಲ್ಲಿಸಿದ ಜೀವ ಅದು. ಆಫ್ ಮಾಡು ಎಂಬ ಮಾತು ತಾನಾಗಿಯೇ ಗಂಟಲಿಗೆ ಬಂತು. ಬಾಯಿ ತೆರೆದರು. ರಕ್ತ ಉಗುಳಿದರು.

"ಒತ್ತು!" ಎಂದು ಕೂಗಿದರು. "ಬಿಡ್ಬೇಡ ಪುಟ್ಟಿ! ಒತ್ತು, ಇನ್ನೂ ಒತ್ತು!"

ಅವಳು ಒತ್ತಿದಳು. ಎಂಜಿನ್ ಒಮ್ಮೆ ಕಿರುಚಿ, ಇಡೀ ಕಾರನ್ನು ಜಾಡಿಸಿ, ಒಳಗೇ ಬಿಗಿಯಾಗಿ ಹಿಡಿದುಕೊಂಡು ನಿಂತುಹೋಯಿತು. ಅಂಗಳ ಗಪ್ಪೆಂದಿತು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಒದ್ದೆ ಚಾದರ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಮೇಸ್ತ್ರಿಯ ತೋಳಿನೊಳಗೆ ಅಳಿಯನ ಮೈ ಸಡಿಲವಾಯಿತು. ಬಿಟ್ಟರು. ಅವನು ಅವರ ಮೇಲೆ ಏರಿ ಬರಲಿಲ್ಲ. ಎಣ್ಣೆಯಲ್ಲಿ ಜಾರುತ್ತ ಮಂಡಿಯ ಮೇಲೆ ಹೋಗಿ ಬಾನೆಟ್ಟಿನ ಅಂಚು ಹಿಡಿದುಕೊಂಡು, "ಎರಡು ತಿಂಗ್ಳಾಗಿಲ್ವಲ್ಲೋ, ಎರಡು ತಿಂಗ್ಳಾಗಿಲ್ಲ" ಎಂದು ಅಳತೊಡಗಿದ. ಮಗಳು ಕೆಳಗಿಳಿದು, ಬಿದ್ದಿದ್ದ ಸ್ಪಾನರು ಎತ್ತಿ ಗೋಡೆಯಾಚೆಗೆ ಎಸೆದಳು. ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಮನೆಯೊಳಗಿಂದ ಏನನ್ನೂ ತೆಗೆದುಕೊಳ್ಳಲಿಲ್ಲ, ಚಪ್ಪಲಿಯನ್ನೂ ಸಹ.

ಎರಡು ಬೀದಿ ಆಚೆ ಭಾನುವಾರವೂ ತೆರೆದಿರುವ ಸಣ್ಣ ದವಾಖಾನೆಯಿತ್ತು. ಇಬ್ಬರೂ ನಡೆದೇ ಹೋದರು. ಹಾದಿಯ ಜನ ದಾರಿ ಬಿಟ್ಟು ನಿಂತು ನೋಡಿದರು. ನರ್ಸು ಎಣ್ಣೆ, ರಕ್ತ ಎರಡನ್ನೂ ನೋಡಿ ಚೀಟಿ ಎಳೆದುಕೊಂಡಳು.

"ಆಕ್ಸಿಡೆಂಟಾ?"

ಮೇಸ್ತ್ರಿ ಬಾಯಿ ತೆರೆಯುವ ಮುಂಚೆಯೇ ಮಗಳು ಹೇಳಿದಳು. "ಅಲ್ಲ. ನನ್ನ ಗಂಡ ಹೊಡೆದದ್ದು. ನನಗೂ, ನಮ್ಮಪ್ಪನಿಗೂ. ಹಾಗೇ ಬರ್ಕೊಳ್ಳಿ."

ನರ್ಸು ಪೆನ್ನು ಹಿಡಿದು ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಬರೆದುಕೊಂಡು, ಡಾಕ್ಟರು ಹತ್ತು ನಿಮಿಷದಲ್ಲಿ ಬರ್ತಾರೆ, ಪೊಲೀಸರಿಗೂ ತಿಳಿಸ್ಬೇಕಾಗುತ್ತೆ ಎಂದಳು. ತಿಳಿಸಿ ಎಂದಳು ಮಗಳು.

ಗೋಡೆಯ ಬದಿಯ ಬೆಂಚಿನ ಮೇಲೆ ಕೂತರು. ಮೇಸ್ತ್ರಿಗೆ ಹೇಳಬೇಕಾದದ್ದು ಬಹಳವಿತ್ತು. ಊದಿದ ಬಾಯಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಅವತ್ತು ನಿನ್ನ ಕಳಿಸ್ಬಾರ್ದಿತ್ತು ಪುಟ್ಟಿ," ಎಂದರು.

ಅವಳ ಕೂದಲ ತುಂಬ ಗಾಜಿನ ಹರಳು. ಮೇಸ್ತ್ರಿ ಕೈಯನ್ನು ಅಂಗಿಗೆ ಒರೆಸಿಕೊಂಡರು. ಅಂಗಿಯೂ ಎಣ್ಣೆಯೇ. ಹಾಗೇ ಒಂದು ಹರಳನ್ನು ಮೆಲ್ಲಗೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಇನ್ನೊಂದು ಬಿಡಿಸಿದರು. ಅವಳು ಮುಂದೆ ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯನ್ನು ಅವರ ಕಡೆಗೆ ಒಂದಿಷ್ಟು ವಾಲಿಸಿದಳು.

"ಈ ಕಡೆ ಕಿವಿ ಹಿಂದೆ ಇನ್ನೊಂದಿದೆ," ಎಂದಳು.