ಆಫ್ ಮಾಡಿದ ಮೇಲೂ

ಟಿವಿಯ ಕೆಂಪು ಚುಕ್ಕಿ ಆರಿತು, ಇನ್ನು ಅಡುಗೆಮನೆ ಕಡೆ ಸವಾರಿ ಹೊರಡುತ್ತದೆ ನಮ್ಮ ಯಜಮಾನರದು, ಚಪ್ಪಲಿ ಎಳೆಯುವ ಸದ್ದು, ಹೋಗಲಿ, ಮಿಕ್ಸಿಯ ಪ್ಲಗ್ಗೋ ಓವನ್ನಿನ ಪ್ಲಗ್ಗೋ ಕಿತ್ತುಹಾಕಲಿ, ಫ್ರಿಜ್ಜಿನ ಸ್ವಿಚ್ಚಿಗೆ ಮಾತ್ರ ಮಗಳು ಟೇಪು ಅಂಟಿಸಿ ಹೋಗಿದ್ದಾಳೆ, ಮೊನ್ನೆ ಅದನ್ನೂ ಆರಿಸಿ ನನ್ನ ಇನ್ಸುಲಿನ್ ಹಾಳಾಯಿತಲ್ಲ — ಅಪ್ಪನ ಮೇಲೆ ಒಂದು ಕಣ್ಣಿಟ್ಟಿರಮ್ಮ ಅಂದಳು, ಕಣ್ಣಿಡದೆ ಇನ್ನೇನು, ನನಗೆ ಬೇರೆ ಕಸುಬಿದೆಯೇ. ಜೀವಮಾನವೆಲ್ಲ ಟಿವಿ ರಿಪೇರಿ ಮಾಡಿದ ಮನುಷ್ಯ, ಕಂಡಕಂಡವರಿಗೆಲ್ಲ ಇದೇ ಪಾಠ, ರಿಮೋಟಲ್ಲಿ ಆಫ್ ಮಾಡಿದ್ರೆ ಆಫ್ ಆಗಲ್ಲ ರೀ, ನಿದ್ದೆ ಮಾಡೋ ನಾಟಕ ಆಡುತ್ತೆ, ಒಳಗೊಳಗೇ ಕರೆಂಟ್ ಕುಡೀತಾನೇ ಇರುತ್ತೆ, ಗೋಡೆ ಸ್ವಿಚ್ ಆರ್ಸಿ — ನೆಂಟರ ಮನೆಗೆ ಊಟಕ್ಕೆ ಹೋದರೂ ಮೊದಲು ಅವರ ಚಾರ್ಜರ್ ಕಿತ್ತಿಟ್ಟೇ ಕೂರುವುದು, ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಕೀಳುವ ಮೊದಲು ಕೈಯ ಹಿಂಬದಿ ತಾಗಿಸಿ ನೋಡುವುದು, ಬೆಚ್ಚಗಿದ್ದರೆ, ನೋಡಿದ್ಯಾ ಕಳ್ಳ, ಅನ್ನುವುದು. ಅಂಗೈಯಲ್ಲಿ ಯಾಕೆ ಮುಟ್ಟಲ್ಲ ಅಂತ ಒಮ್ಮೆ ಕೇಳಿದ್ದೆ — ಕರೆಂಟ್ ಹೊಡೆದ್ರೆ ಬೆರಳು ಮುಚ್ಕೊಂಡ್ಬಿಡುತ್ತೆ ಕಣೇ, ಹಿಡಿದಿದ್ದನ್ನ ಬಿಡಕ್ಕಾಗಲ್ಲ, ಹಿಂಬದಿ ಆದ್ರೆ ಕೈ ತಾನೇ ವಾಪಸ್ ಬರುತ್ತೆ, ಗೊತ್ತಿಲ್ಲದ್ದನ್ನ ಅಂಗೈಯಲ್ಲಿ ಮುಟ್ಟಬಾರದು. ನನಗೆ ಜ್ವರ ಬಂದಾಗ ಮಾತ್ರ ಅಂಗೈ, ಹಣೆ ತುಂಬ, ಒರಟು, ಬೆಸುಗೆಯ ವಾಸನೆ, ಸಾಕು ಹೋಗ್ರೀ ಅಂದರೂ ತೆಗೆಯುತ್ತಿರಲಿಲ್ಲ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ, ಮರೆತಿದ್ದು ವಾಪಸ್ ಬರಲ್ಲಮ್ಮ, ಉಳಿದಿರೋದೂ ಹೋಗುತ್ತೆ — ಹೋಯಿತು, ಮಗಳ ಹೆಸರು ಹೋಯಿತು, ಬಚ್ಚಲ ದಾರಿ ಹೋಯಿತು, ಈ ಹಾಳು ಸ್ವಿಚ್ಚು ಮಾತ್ರ ಹೋಗಲಿಲ್ಲ. ನನ್ನ ಹೆಸರು ಯಾವಾಗಲೋ ಹೋಗಿದೆ, ಅದಕ್ಕೇನು, ಹೆಸರು ಹಿಡಿದು ಕರೆದವರೇ ಅಲ್ಲ, ಆದರೆ ನಿನ್ನೆಯವರೆಗೂ ಕಣೇ ಅನ್ನುತ್ತಿದ್ದರು, ಅಷ್ಟು ಸಾಕಿತ್ತು ನನಗೆ, ಆ ಒಂದು ಕಣೇಯನ್ನು ನೆಚ್ಚಿಕೊಂಡು ಬದುಕಿಬಿಡುತ್ತಿದ್ದೆ. ಇವತ್ತು ಕಾಫಿ ಕೊಟ್ಟರೆ ಥ್ಯಾಂಕ್ಸ್ ರೀ ಅಂದರು. ಹೆಂಡತಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ, ನಕ್ಕುಬಿಟ್ಟೆ, ಆಮೇಲೆ ನನ್ನ ಲೋಟದ ಕಾಫಿಯನ್ನು ಸಿಂಕಿಗೆ ಸುರಿದೆ. ಬಂದರು, ಅಡುಗೆಮನೆ ಮುಗಿಯಿತು, ದೀಪ ಆರಿಸಿದರು, ಕಿಟಕಿಯಿಂದ ಬೀದಿದೀಪದ ಬೆಳಕಷ್ಟೇ, ಫ್ಯಾನು ಆರಿಸಿದರು, ಸೆಕೆ, ನನ್ನ ಎದುರು ನಿಂತಿದ್ದಾರೆ, ನೋಡುತ್ತಿದ್ದಾರೆ, ಒಂದು ಸಲ ಅನ್ನಿ, ಬೈದಾದರೂ ಅನ್ನಿ, ಇಲ್ಲೇ ಕೂತಿದ್ದೀಯೇನೇ ಸೋಮಾರಿ ಅನ್ನಿ — ಕೈ ಎತ್ತುತ್ತಿದ್ದಾರೆ, ನಾನು ಅಲುಗಾಡುವುದಿಲ್ಲ, ಕೈ ಹತ್ತಿರ ಬರುತ್ತಿದೆ, ಬೆರಳು ಬಿಚ್ಚಿದೆ, ಅಂಗೈ ಕಾಣುತ್ತಿದೆ, ಇಲ್ಲ, ತಿರುಗಿತು, ಉಬ್ಬಿದ ನರ, ಗೆಣ್ಣು, ಕೆನ್ನೆಗೆ ತಾಗಿ ಥಟ್ಟನೆ ಹಿಂದಕ್ಕೆ ಹೋಯಿತು, ಬೆಚ್ಚಗಿದೆ, ಅನ್ನುತ್ತಾರೆ, ಯಾರಿಗೋ, ಬಗ್ಗಿ ನನ್ನ ಕುರ್ಚಿಯ ಹಿಂದೆ ವೈರು ಹುಡುಕುತ್ತಾರೆ, ಸಿಗುವುದಿಲ್ಲ, ಮತ್ತೆ ಎದುರು ಬಂದರು, ಮತ್ತೆ ಕೈ, ಕೈಯ ಹಿಂಬದಿ, ನರ, ಗೆಣ್ಣು, ಕೈಯ ಹಿಂಬದಿ