ಗಂಗಿಯ ಮಣಿಕಟ್ಟಿನೊಳಗೆ ಎಂತ ಉಂಟು?

ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಆರಿಸಲು ಹೊಳೆಗೆ ಇಳಿದ ಅಘನಾಶಿನಿಯ ಗಂಗಿ, ಕೆಸರಿನಲ್ಲಿ ಜಾರಿ ಬಲಗೈ ಊರಿ ಬಿದ್ದಳು. ಎಕ್ಸ್‌ರೇ ತೆಗೆಸಿದರೆ ಎಲುಬು ಮುರಿದಿರಲಿಲ್ಲ. ಆದರೂ ವಾರ ಕಳೆದ ಮೇಲೂ ಬುಟ್ಟಿ ಎತ್ತಲಾಗದು, ಬಟ್ಟೆ ಹಿಂಡಲಾಗದು. ಕೈ ತಿರುಗಿಸಿದರೆ ಒಳಗೆ ‘ಕಟಕ್’ ಎನ್ನುತ್ತದೆ. ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಎಲ್ಲಿಲ್ಲದ ಕುತೂಹಲ. ಜೊತೆಗೇ, ಈ ಕೈ ಹೋದರೆ ಬಳಚಿನ ದುಡಿಮೆಯೂ ಹೋಯಿತಲ್ಲ ಎಂಬ ಹೆದರಿಕೆ.

“ಬರೀ ಉಳುಕು, ಮಾರಾಯ್ತಿ,” ಎಂದ ಗಂಡ ಶುಕ್ರ, ಒಲೆಯ ಮೇಲೆ ಎಣ್ಣೆ ಇಡುತ್ತ. “ಉಳುಕು ತೆಗೆಯೋ ಮಂಜಜ್ಜ ಉಂಟಲ್ಲ, ಕಾಲು ಮುಂದಾಗಿ ಹುಟ್ಟಿದವ, ಅಂಥವರ ಕೈ ತಾಗಿದ್ರೆ ಉಳುಕು ಹೋಗ್ತದೆ. ಎಣ್ಣೆ ಹಚ್ಚಿ ಒಂದ್ಸಲ ಎಳೆದ್ರೆ ಆತು.”

ಪಕ್ಕದ ಮನೆಯ ನೇತ್ರಾ ಕುಮಟೆಯಲ್ಲಿ ಫಿಸಿಯೋಥೆರಪಿಸ್ಟ್. ಮಾತು ಕಿವಿಗೆ ಬಿದ್ದದ್ದೇ ಓಡಿ ಬಂದಳು. “ಎಳೆಸ್ಬೇಡಿ ಶುಕ್ರಣ್ಣ!”

“ಎಲುಬು ಸರಿ ಇದ್ಮೇಲೆ ನೋವು ಎಂತಕ್ಕೆ?” ಗಂಗಿ ಕೇಳಿದಳು.

ಸಾರಿಗೆಂದು ಶುಕ್ರ ತಂದಿಟ್ಟಿದ್ದ ಬಳಚೊಂದನ್ನು ನೇತ್ರಾ ಎತ್ತಿಕೊಂಡಳು. “ಗಂಗಕ್ಕ, ಇದರ ಎರಡು ಚಿಪ್ಪು ಹಿಡಿದಿಟ್ಟದ್ದು ಎಂತ?”

“ಹಿಂದೆ ಒಂದು ನಾರು ಉಂಟಲ್ಲ. ಅದು ಹರಿದ್ರೆ ಚಿಪ್ಪು ಬೇರೆ ಬೇರೆ.”

“ನಿಮ್ಮ ಮಣಿಕಟ್ಟಲ್ಲಿ ಎಂಟು ಸಣ್ಣ ಎಲುಬು ಉಂಟು. ಅದ್ರಲ್ಲಿ ಎರಡನ್ನ ಹೀಗೇ ಒಂದು ಗಟ್ಟಿ ನಾರು ಕಟ್ಟಿ ಹಿಡ್ಕೊಂಡದೆ. ಅದಕ್ಕೆ ಲಿಗಮೆಂಟ್ ಅಂತಾರೆ. ಕೈ ಬಗ್ಗಿಸುವಾಗ ಆ ಎರಡು ಎಲುಬು ಒಟ್ಟಿಗೇ ಸರಿಬೇಕು. ನಾರು ಹರಿದ್ರೆ ಒಂದು ಆಚೆ, ಒಂದು ಈಚೆ. ಎಕ್ಸ್‌ರೇಲಿ ನಾರು ಕಾಣೂದಿಲ್ಲ.”

“ಎಂಟಾ! ನಂಗೂ ಉಂಟಾ?” ಶುಕ್ರ ತನ್ನ ಮಣಿಕಟ್ಟನ್ನೇ ಒತ್ತೊತ್ತಿ ನೋಡಿಕೊಂಡ. “ಎಳೆದ್ರೆ ಎಂತ ಆಗ್ತದೆ?”

“ಅರ್ಧ ಹರಿದದ್ದು ಪೂರ್ತಿ ಹರಿಬಹುದು. ಹಾಗೇ ಬಿಟ್ರೆ ಬರ್ತಾ ಬರ್ತಾ ಕೀಲು ಸವೆದು ಕೈಗೆ ಬಲವೇ ಇರೂದಿಲ್ಲ.”

ಶುಕ್ರ ಒಲೆ ಆರಿಸಿದ. ಮರುದಿನ ಅವನೇ ಹೆಂಡತಿಯನ್ನು ಕುಮಟೆಯ ಎಲುಬಿನ ಡಾಕ್ಟರ ಬಳಿ ಕರೆದೊಯ್ದ. ಈ ಸಲ ಮುಷ್ಟಿ ಬಿಗಿಸಿ ಎಕ್ಸ್‌ರೇ ತೆಗೆದರು. ನಾರು ಕಾಣದಿದ್ದರೂ, ಅದು ಹರಿದ ಕಡೆ ಎರಡು ಎಲುಬುಗಳ ನಡುವೆ ಸಂದು ಬಿದ್ದದ್ದು ಕಂಡಿತು. ಆಪರೇಷನ್, ಪ್ಲಾಸ್ಟರ್, ವ್ಯಾಯಾಮ ಎಂದು ತಿಂಗಳುಗಳೇ ಹಿಡಿದವು. ಗಂಗಿ ಮತ್ತೆ ಹೊಳೆಗೆ ಇಳಿದ ದಿನ ಶುಕ್ರನಿಗೆ ಹೋದ ಜೀವ ಬಂದಂತಾಯಿತು.

ನೀವೂ ಕೈ ಊರಿ ಬಿದ್ದಿದ್ದೀರಾ? ಎಲುಬು ಮುರಿದಿಲ್ಲ ಎಂದರೂ ಮಣಿಕಟ್ಟಿನ ನೋವು ಇಳಿಯುತ್ತಿಲ್ಲವೇ, ಹಿಡಿತ ಸಡಿಲವಾಗಿದೆಯೇ? ಎಳೆಸಬೇಡಿ, ತಿಕ್ಕಿಸಬೇಡಿ. ಬೇಗ ಎಲುಬಿನ ಡಾಕ್ಟರಿಗೆ ತೋರಿಸಿ. ದುಡಿದು ಉಣ್ಣುವ ಕೈ ಅದು, ‘ಬರೀ ಉಳುಕು’ ಎಂದು ಕಳೆದುಕೊಳ್ಳಬೇಡಿ.