ಕಂಬದ ಕೆಂಪು ಗುರುತು

ಸೋಮವಾರ ಬೆಳಿಗ್ಗೆ ಏಳೂವರೆಗೆ ಇಬ್ರಾ ಪಟ್ಟಣದ ಗ್ಯಾರೇಜಿನಲ್ಲಿ ಮುಸಲ್ಲಮ್ ತನ್ನ ಜೀಪನ್ನು ನಾಲ್ಕಿಂಚು ಎತ್ತರಿಸುವ ಸ್ಪ್ರಿಂಗ್ ಕೇಳಿದ. ಆಸ್ಪತ್ರೆಗೆ ಹೊರಟಿದ್ದ ಹೆಂಡತಿ ಝುವೈನಾ ಜೀಪಿನಲ್ಲೇ ಕೂತಿದ್ದಳು. ವಾರಕ್ಕೆ ಮೂರು ಸಲ ಅವಳಿಗೆ ಡಯಾಲಿಸಿಸ್ ಆಗಬೇಕು. ಅವರ ಹಳ್ಳಿಗೂ ಆಸ್ಪತ್ರೆಗೂ ನಡುವೆ ಒಂದು ಒಣ ಹೊಳೆ. ಬೆಟ್ಟದಲ್ಲಿ ಮಳೆಯಾದರೆ ಅದು ರಸ್ತೆಯ ಮೇಲೆಯೇ ಹರಿಯುತ್ತದೆ. ಕಳೆದ ತಿಂಗಳು ಹಾಗೆ ಒಂದು ಸರದಿ ತಪ್ಪಿ ಅವಳ ಮುಖವೆಲ್ಲ ಊದಿಕೊಂಡಿತ್ತು.

“ಹೊಳೆ ದಾಟೋ ಕಡೆ ನೀರಿನ ಮಟ್ಟ ತೋರಿಸೋ ಕಂಬ ಅಳೆದು ಬಂದಿದೀನಿ,” ಎಂದ ಮುಸಲ್ಲಮ್. “ನಾಲ್ಕಿಂಚು ಎತ್ತಿದ್ರೆ ಬಾಗಿಲು ಕೆಂಪು ಗುರುತಿಗಿಂತ ಮೇಲೆ ಬರುತ್ತೆ.”

ಮೆಕ್ಯಾನಿಕ್ ಖಲ್ಫಾನ್ ಅಡ್ಡಡ್ಡ ತಲೆಯಾಡಿಸಿದ. “ಕೆಂಪು ಬಳಿದಿರೋದು ವಾಪಸ್ ಹೋಗು ಅಂತ ಕಣಣ್ಣ, ಗಾಡಿ ಅಳೆಯೋಕಲ್ಲ. ನಿಂತ ನೀರಾದ್ರೆ ಹಾಕಿಕೊಡ್ತಿದ್ದೆ. ಹರಿಯೋ ನೀರು ಪಕ್ಕದಿಂದ ನೂಕುತ್ತೆ, ಎತ್ತರದ ಗಾಡಿ ಬೇಗ ಮಗುಚುತ್ತೆ. ನನ್ನ ಭಾವನ ಗಾಡಿಗೆ ಆರಿಂಚು ಹಾಕಿದ್ದು ಇದೇ ಕೈ. ಗಾಡಿ ಮೂರು ಕಿಲೋಮೀಟರ್ ಕೆಳಗೆ ಸಿಕ್ತು. ಸ್ಪ್ರಿಂಗ್ ಚೆನ್ನಾಗೇ ಇತ್ತು.”

“ಹಾಗಾದ್ರೆ ಇವಳಿಗೆ ರೆಕ್ಕೆ ಕಟ್ಟಲಾ?”

ಒಳಗಿನಿಂದ ಝುವೈನಾ ಹೇಳಿದಳು: “ಈಗಲೇ ಹತ್ತೋಕೆ ಎರಡು ಸಲ ಸುಧಾರಿಸ್ಕೋಬೇಕು. ನಿನ್ನನ್ನೂ ನೀರಿಗೆ ಕೊಟ್ಟು ನಾನು ಯಾವ ಆಸ್ಪತ್ರೆಗೆ ಹೋಗ್ಲಿ? ಬೇಡ.”

ಕಲ್ಲುದಾರಿಗೆ ಎರಡಿಂಚು ಸಾಕೆಂದ ಖಲ್ಫಾನ್, ಅವಳು ಆಸ್ಪತ್ರೆಯಲ್ಲಿದ್ದಾಗ ಅದನ್ನೇ ಕೂರಿಸಿದ.

ಶನಿವಾರ, ಡಯಾಲಿಸಿಸ್‌ನ ದಿನವೇ, ಹೊಳೆ ಬಂತು. ನೀರು ಕಂಬದ ಕೆಂಪು ಗುರುತನ್ನು ಮುಟ್ಟಿತ್ತು. ಮುಸಲ್ಲಮ್ ದಡದಲ್ಲೇ ಜೀಪು ನಿಲ್ಲಿಸಿದ. ಸೋಮವಾರ ನೀರು ಇಳಿದ ಮೇಲೆ ಇಬ್ಬರೂ ದಾಟಿದರು. ಝುವೈನಾಳನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸಲಾಯಿತು.